ಶಹಾಬಾದಿ ಕಲ್ಲಿಗೂ ಕಮಲಾಪುರದ ಕಪ್ಪು ಕಲ್ಲಿಗೂ ನಡುವೆ ಕಾಣೆಯಾದ ಕಾಲ

ಕಲಬುರಗಿಯ ಹಳೆಯ ಮನೆಗಳ ಪಡಸಾಲೆಗೆ ಹಾಸಿರುವುದು ಶಹಾಬಾದಿ ಫರಸಿ. ಮೇ ತಿಂಗಳ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಆ ಕಲ್ಲಿನ ಮೇಲೆ ಮೈಚೆಲ್ಲಿದವರಿಗೆ ಅದರ ತಂಪು ಗೊತ್ತು. ಹಾಗೆ ಮಲಗಿ, ಗಲ್ಲವನ್ನು ಕಲ್ಲಿಗೆ ಒತ್ತಿ ನೋಡಿದ ಮಕ್ಕಳಿಗೆ ಇನ್ನೊಂದು ಸಂಗತಿಯೂ ಗೊತ್ತು. ಕೆಲವು ಹಾಸುಗಲ್ಲುಗಳ ಮೇಲೆ ಕಪ್ಪು ಶಾಯಿಯಲ್ಲಿ ಬಿಡಿಸಿದಂತೆ ಎಳೆಎಳೆಯಾದ ಜರೀಗಿಡದ ಚಿತ್ರ ಇರುತ್ತದೆ. ಕಾಂಡ, ಕವಲು, ಕವಲಿನ ಕವಲು, ಎಲ್ಲವೂ ಸ್ಪಷ್ಟ. ಬೇಸಿಗೆ ರಜೆಗೆ ಬಂದಿದ್ದ ನಮ್ಮ ಅಕ್ಕನ ಮಗಳು ಅದರ ಮೇಲೆ ಬೆರಳಿಟ್ಟು ಕೇಳಿದಳು: “ಮಾಮಾ, ಡೈನೋಸಾರ್ ಇದ್ದಾಗಿನ ಗಿಡ ಏನಿದು?”

ಅದು ಗಿಡವಲ್ಲ. ಪದರ ಪದರವಾಗಿರುವ ಸುಣ್ಣಕಲ್ಲಿನ ಸಂದಿಗೆ ನೀರು ಇಳಿಯುತ್ತದೆ. ಆ ನೀರಿನಲ್ಲಿ ಕರಗಿರುವ ಮ್ಯಾಂಗನೀಸ್ ಮತ್ತು ಕಬ್ಬಿಣದ ಅಂಶ ನಿಧಾನವಾಗಿ ಕವಲೊಡೆಯುತ್ತ ಕಲ್ಲಿಗೆ ಅಂಟಿ ಉಳಿಯುತ್ತದೆ. ಎರಡು ಗಾಜಿನ ಚೂರುಗಳ ನಡುವೆ ಶಾಯಿಯ ಹನಿಯನ್ನು ಇಟ್ಟು ಒತ್ತಿ, ಮೆಲ್ಲಗೆ ಎತ್ತಿದರೆ ಇಂಥದೇ ಚಿತ್ರ ಮೂಡುತ್ತದೆ. ಭೂವಿಜ್ಞಾನಿಗಳು ಇದನ್ನು ಡೆಂಡ್ರೈಟ್ ಎನ್ನುತ್ತಾರೆ. ಗಿಡದ ಹಾಗೆ ಕಾಣುವ ಖನಿಜ, ಅಷ್ಟೇ.

ಮಗುವಿಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಅವಳ ಪ್ರಶ್ನೆಯೊಳಗೆ ಇನ್ನೂ ಒಂದು ಪ್ರಶ್ನೆ ಇತ್ತು: ಈ ಕಲ್ಲು ಯಾವ ಕಾಲದ್ದು? ಅದು ಗೊತ್ತಿದ್ದರೆ ಸೂಕ್ಷ್ಮದರ್ಶಕ ಇಲ್ಲದೆಯೂ ಇದು ಗಿಡವಲ್ಲ ಎಂದು ಹೇಳಬಹುದು. ನೆಲದ ಮೇಲೆ ಮೊದಲ ಸಸ್ಯಗಳು ಬೇರೂರಿದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಶಹಾಬಾದಿ ಕಲ್ಲು ಕೆಸರಾಗಿ ಸಮುದ್ರದ ತಳ ಸೇರಿದ್ದು 54 ಕೋಟಿ ವರ್ಷಗಳಿಗಿಂತಲೂ ಹಿಂದೆ. ಜರೀಗಿಡ ಹುಟ್ಟುವ ಮೊದಲೇ ಹಾಸಿದ ಕೆಸರಿನಲ್ಲಿ ಜರೀಗಿಡ ಹೂತುಹೋಗುವುದು ಸಾಧ್ಯವಿಲ್ಲ. ಡೈನೋಸಾರ್‌ಗಳಂತೂ ಸುಮಾರು 23 ಕೋಟಿ ವರ್ಷಗಳ ಹಿಂದೆ ಬಂದವು. ಅವು ಜಗತ್ತನ್ನು ತುಂಬಿಕೊಂಡ ಜುರಾಸಿಕ್ ಯುಗ 20 ಕೋಟಿ ವರ್ಷಗಳ ಹಿಂದಿನಿಂದ 14.5 ಕೋಟಿ ವರ್ಷಗಳ ಹಿಂದಿನವರೆಗಿನದು.

ಹಾಗಾದರೆ ನಮ್ಮ ಊರಿನ ಜುರಾಸಿಕ್ ಎಲ್ಲಿ? ಕಲಬುರಗಿ ನಗರದಿಂದ ಕಮಲಾಪುರದವರೆಗೆ ಎಲ್ಲಿ ಅಗೆದರೂ ಜುರಾಸಿಕ್ ಕಾಲದ ಒಂದು ಪದರವೂ ಇಲ್ಲ. ಮೇಲಿನ ಕಪ್ಪು ಕಲ್ಲು ಆ ಯುಗ ಮುಗಿದು ಬಹಳ ಕಾಲದ ಮೇಲಿನದು, ಕೆಳಗಿನ ಸುಣ್ಣಕಲ್ಲು ಆ ಯುಗಕ್ಕಿಂತ ಬಹಳ ಹಿಂದಿನದು. ಇವೆರಡೂ ಒಂದರ ಮೇಲೊಂದು ನೇರವಾಗಿ ಕುಳಿತಿವೆ. ನಡುವಿನ ಕಾಲ ಮಾಯವಾಗಿದೆ. ಇಲ್ಲ ಎಂಬುದನ್ನು ಇಷ್ಟು ಖಚಿತವಾಗಿ ಹೇಳುವುದು ಹೇಗೆ, ಮತ್ತು ಆ ಇಲ್ಲದಿರುವಿಕೆ ದಕ್ಷಿಣ ಭಾರತದ ನೆಲದ ಬಗ್ಗೆ ಏನು ತಿಳಿಸುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಮೊದಲು ನೆಲವನ್ನು ನೋಡೋಣ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಯಾದಗಿರಿಯಲ್ಲಿ ಕಲಬುರಗಿ ಕಡೆಗೆ ಹೋಗುವ ರೈಲು ಹತ್ತಿ ಕಿಟಕಿಯ ಪಕ್ಕ ಕೂರುವುದು. ಯಾದಗಿರಿಯ ಕೋಟೆ ಕುಳಿತಿರುವುದು ಗ್ರಾನೈಟ್ ಗುಡ್ಡದ ಮೇಲೆ. ದುಂಡು ದುಂಡು ಬಂಡೆಗಳ ಈ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯವು. ಇದು ನೆಲಮಾಳಿಗೆ. ರೈಲು ನಾಲವಾರ ದಾಟಿ ವಾಡಿ, ಶಹಾಬಾದ್ ಕಡೆ ಬರುತ್ತಿದ್ದಂತೆ ಬಂಡೆಗುಡ್ಡಗಳು ಹಿಂದೆ ಬಿದ್ದು, ನೆಲ ಮಟ್ಟಸವಾಗಿ, ಅಂಚು ಕತ್ತರಿಸಿದಂಥ ಕಲ್ಲಿನ ಖಣಿಗಳು, ಪೇರಿಸಿಟ್ಟ ಫರಸಿಗಳು, ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಇದು ಸುಣ್ಣಕಲ್ಲಿನ ಮೊದಲ ಅಂತಸ್ತು. ಶಹಾಬಾದ್ ದಾಟಿ ಕಲಬುರಗಿ ಸೇರುವಷ್ಟರಲ್ಲಿ ಹೊಲ ಎರೆಗೆ ತಿರುಗಿರುತ್ತದೆ, ತೊಗರಿ ಬಂದಿರುತ್ತದೆ. ಆ ಕಪ್ಪು ಎರೆ ಮಣ್ಣು ಕಪ್ಪು ಕಲ್ಲು ಕೊಳೆತು ಆದದ್ದು. ಅಲ್ಲಿಂದ ಹುಮನಾಬಾದ್ ರಸ್ತೆ ಹಿಡಿದು ಕೆಂಪು ಬಾಳೆಯ ಕಮಲಾಪುರಕ್ಕೆ ಹೋದರೆ ರಸ್ತೆ ಕಡಿದಲ್ಲೆಲ್ಲ ಅದೇ ಕಪ್ಪು ಕಲ್ಲು, ಬಸಾಲ್ಟ್. ಇದು ಮೇಲಿನ ಅಂತಸ್ತು, ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ ಟ್ರ್ಯಾಪ್‌ನ ಪೂರ್ವದ ಅಂಚು.

ನಡುವಿನ ಸುಣ್ಣಕಲ್ಲಿನ ಅಂತಸ್ತಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಭೀಮಾ ಬೇಸಿನ್. ಬೇಸಿನ್ ಎಂದರೆ ಬೋಗುಣಿಯಂತೆ ತಗ್ಗಾದ ನೆಲ. ಭೂಮಿಯ ಹೊರಪದರ ಸೀಳುಗಳ ಗುಂಟ ಸರಿದು ಕುಸಿದಾಗ ತಗ್ಗು ಉಂಟಾಗುತ್ತದೆ. ತಗ್ಗಿಗೆ ನೀರು ಬರುತ್ತದೆ, ನೀರಿನ ಜೊತೆ ಮರಳು, ಕೆಸರು ಬರುತ್ತದೆ. ಭೀಮೆಯ ಬೋಗುಣಿಗೆ ಆಳವಿಲ್ಲದ ಸಮುದ್ರವೇ ನುಗ್ಗಿತ್ತು. ತಳದಲ್ಲಿ ಗ್ರಾನೈಟಿನ ಉರುಟು ಕಲ್ಲುಗಳು ಮತ್ತು ಮರಳು, ಅದರ ಮೇಲೆ ಸುಣ್ಣದ ಕೆಸರು, ನಡುನಡುವೆ ಜೇಡಿ, ಹೀಗೆ ಒಟ್ಟು ಸುಮಾರು 300 ಮೀಟರ್ ದಪ್ಪ ಪದರಗಳು ಬಿದ್ದವು. ಶಹಾಬಾದ್, ಹಾಲ್ಕಲ್, ಹರವಾಳ ಎಂಬ ನಮ್ಮ ಊರುಗಳ ಹೆಸರುಗಳೇ ಈ ಪದರಗಳ ಶಾಸ್ತ್ರೀಯ ಹೆಸರುಗಳಾಗಿ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಅಚ್ಚಾಗಿವೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ ಬರೆದ ವರದಿ 1876ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಿಂದ ಪ್ರಕಟವಾಯಿತು. ಮುಂದೆ ಥಾಮಸ್ ಹಾಲಂಡ್ ಭೀಮಾ, ಕಲಾದಗಿ, ಕಡಪಾದಂಥ ಈ ಪ್ರಾಚೀನ ಬೋಗುಣಿಗಳಿಗೆಲ್ಲ ಸೇರಿಸಿ ಒಂದು ಹೆಸರು ಕೊಟ್ಟ: ‘ಪುರಾಣ’. ಇವತ್ತಿಗೂ ಇಂಗ್ಲಿಷಿನಲ್ಲಿ ಬರೆಯುವ ಭೂವಿಜ್ಞಾನಿ ಪುರಾಣ ಬೇಸಿನ್ ಎಂದೇ ಬರೆಯುತ್ತಾನೆ.

ಇನ್ನು ಕಾಲದ ಪ್ರಶ್ನೆ. ಕಲ್ಲಿಗೆ ವಯಸ್ಸು ಕಟ್ಟುವ ಬಗೆಯನ್ನು ವಿವರಿಸಲು ನಮ್ಮ ಜಿಲ್ಲೆಯವರಿಗೆ ಶಾಸನಕ್ಕಿಂತ ಒಳ್ಳೆಯ ಹೋಲಿಕೆ ಬೇಡ. ರಾಷ್ಟ್ರಕೂಟರ ಮಳಖೇಡ ಇಲ್ಲಿಯದು, ಸನ್ನತಿ ಇಲ್ಲಿಯದು. ಶಾಸನಗಳಲ್ಲಿ ಎರಡು ಬಗೆ. ಕೆಲವದರಲ್ಲಿ ಶಕವರ್ಷ, ಸಂವತ್ಸರ, ತಿಥಿ ಎಲ್ಲ ಕೆತ್ತಿರುತ್ತಾರೆ. ಓದಿದರೆ ಕಾಲ ಸಿಕ್ಕಿತು. ಇನ್ನು ಕೆಲವದರಲ್ಲಿ ತೇದಿ ಇಲ್ಲ, ಅಥವಾ ಆ ಭಾಗ ಒಡೆದಿದೆ. ಆಗ ಶಾಸನತಜ್ಞರು ಅಕ್ಷರದ ರೂಪ ನೋಡುತ್ತಾರೆ. ‘ಕ’ ಹೀಗಿದೆ, ‘ರ’ ಹಾಗಿದೆ, ಇಂಥ ತಲೆಕಟ್ಟು ಇಂಥ ಶತಮಾನದ್ದು ಎನ್ನುತ್ತಾರೆ. ತೇದಿ ಇರುವ ಶಾಸನಗಳಿಂದ ಕಲಿತ ಅಕ್ಷರರೂಪದ ಕ್ರಮವನ್ನು ತೇದಿ ಇಲ್ಲದ್ದಕ್ಕೆ ಅನ್ವಯಿಸುತ್ತಾರೆ.

ಪಳೆಯುಳಿಕೆ ಎಂದರೆ ಕಲ್ಲಿನ ಅಕ್ಷರರೂಪ. 1815ರಲ್ಲಿ ಇಂಗ್ಲೆಂಡಿನ ಭೂನಕ್ಷೆ ಹೊರತಂದ ವಿಲಿಯಂ ಸ್ಮಿತ್ ಕಾಲುವೆ ತೋಡಿಸುವ ಕೆಲಸದಲ್ಲಿದ್ದವನು. ಊರೂರಿನಲ್ಲೂ ಪದರಗಳು ಒಂದೇ ಕ್ರಮದಲ್ಲಿ ಬರುತ್ತವೆ, ಪ್ರತಿ ಪದರಕ್ಕೂ ಅದರದೇ ಚಿಪ್ಪುಗಳಿವೆ ಎಂದು ಅವನು ಗಮನಿಸಿದ. ಜುರಾಸಿಕ್ ಎಂಬ ಹೆಸರು ಬಂದದ್ದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಜುರಾ ಬೆಟ್ಟಗಳ ಸುಣ್ಣಕಲ್ಲಿನಿಂದ. ಆ ಯುಗದ ಸಮುದ್ರಗಳಲ್ಲಿ ಅಮೊನೈಟ್ ಎಂಬ ಜೀವಿಗಳು ತುಂಬಿದ್ದವು. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದೊಳಗೆ ಸುರುಳಿಯಾಗಿ ಕಾಣುವ ಚಕ್ರ ಅಮೊನೈಟಿನದೇ. ಅದರ ಜಾತಿಗಳು ಬೇಗ ಹುಟ್ಟಿ ಬೇಗ ಅಳಿಯುತ್ತಿದ್ದವು, ಆದರೆ ಇದ್ದಷ್ಟು ಕಾಲ ದೂರದೂರದ ಸಮುದ್ರಗಳಿಗೆ ಹರಡುತ್ತಿದ್ದವು. ಕಾಲ ಹೇಳುವ ಪಳೆಯುಳಿಕೆಗೆ ಈ ಎರಡು ಗುಣ ಬೇಕು. ಗುಜರಾತಿನ ಕಛ್‌ನಲ್ಲಿ ಸಿಕ್ಕ ಅಮೊನೈಟನ್ನು ಯುರೋಪಿನದರ ಜೊತೆ ಇಟ್ಟು, ಎರಡೂ ಒಂದೇ ಕಾಲದ ಪದರ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಲು ಸಾಧ್ಯವಾದದ್ದು ಹೀಗೆ.

ಭೀಮೆಯ ಬೋಗುಣಿಯಲ್ಲಿ ಈ ಉಪಾಯ ಕೈಕೊಡುತ್ತದೆ. ಆ ಸಮುದ್ರದಲ್ಲಿ ಚಿಪ್ಪು ಕಟ್ಟುವ ಪ್ರಾಣಿಗಳೇ ಇರಲಿಲ್ಲ. ಹಾಲ್ಕಲ್ ಜೇಡಿಯಲ್ಲಿ ಚುವಾರಿಯಾ ಎಂಬ ಕಪ್ಪು ಬಿಲ್ಲೆಗಳು ಸಿಕ್ಕಿವೆ. ಕೆಲವೇ ಮಿಲಿಮೀಟರ್ ಅಗಲದ, ಇಂಗಾಲವಾಗಿ ಉಳಿದ ಪ್ರಾಚೀನ ಜೀವಿಗಳು ಇವು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಸಿಕ್ಕ ಇಂಥ ಬಿಲ್ಲೆಗಳಿಗೆ ಚಾರ್ಲ್ಸ್ ವಾಲ್ಕಾಟ್ 1899ರಲ್ಲಿ ಈ ಹೆಸರಿಟ್ಟ. ಆದರೆ ಚುವಾರಿಯಾ ಕೋಟ್ಯಂತರ ವರ್ಷ ಹೆಚ್ಚು ಬದಲಾಗದೆ ಬದುಕಿದ ಜೀವಿ. ಅದು ಅಲ್ಲಿದೆ ಎಂದ ಮಾತ್ರಕ್ಕೆ ಕಾಲ ಕರಾರುವಾಕ್ಕಾಗಿ ಸಿಗುವುದಿಲ್ಲ. ಸಾವಿರ ವರ್ಷ ಒಂದೇ ರೀತಿ ಬರೆದ ಅಕ್ಷರದಿಂದ ಶಾಸನದ ಶತಮಾನ ಹೇಳಲಾಗದಲ್ಲ, ಹಾಗೆ.

ಆಗ ತೇದಿ ಕೆತ್ತಿದ ಶಾಸನ ಹುಡುಕಬೇಕು. ಕಲ್ಲಿನೊಳಗಿನ ತೇದಿ ಎಂದರೆ ವಿಕಿರಣ. ಪೊಟ್ಯಾಸಿಯಂ-40 ತಾನಾಗಿಯೇ ಕರಗುತ್ತ ಹೋಗುತ್ತದೆ. ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಅರ್ಧದಷ್ಟು ಪೊಟ್ಯಾಸಿಯಂ-40 ಮುಗಿಯಲು 125 ಕೋಟಿ ವರ್ಷ ಬೇಕು. ಚಳಿ, ಬಿಸಿಲು, ಒತ್ತಡ ಯಾವುದೂ ಈ ವೇಗವನ್ನು ಬದಲಿಸುವುದಿಲ್ಲ. ಲಾವಾ ಕುದಿಯುತ್ತಿರುವಾಗ ಆರ್ಗಾನ್ ಹಾರಿಹೋಗುತ್ತದೆ. ಲಾವಾ ಗಟ್ಟಿಯಾದ ಕ್ಷಣದಿಂದ ಹೊಸ ಆರ್ಗಾನ್ ಹರಳಿನೊಳಗೆ ಸಿಕ್ಕಿಕೊಳ್ಳತೊಡಗುತ್ತದೆ. ಇಂದು ಎಷ್ಟು ಆರ್ಗಾನ್ ಇದೆ, ಎಷ್ಟು ಪೊಟ್ಯಾಸಿಯಂ ಉಳಿದಿದೆ ಎಂದು ಅಳೆದರೆ ಗಡಿಯಾರ ಎಷ್ಟು ಹೊತ್ತು ಓಡಿದೆ ಎಂದು ತಿಳಿಯುತ್ತದೆ. ಜಿರ್ಕಾನ್ ಎಂಬ ಗಟ್ಟಿ ಹರಳಿನಲ್ಲಿ ಯುರೇನಿಯಂ ಸೀಸವಾಗುವುದು ಇದಕ್ಕಿಂತ ನಿಖರವಾದ ಗಡಿಯಾರ. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕು, ಅಂದರೆ ಹೆಚ್ಚುಕಡಿಮೆ ಭೂಮಿಯ ವಯಸ್ಸು.

ಈ ಗಡಿಯಾರಗಳಿಂದ ದಖ್ಖನ್ ಲಾವಾದ ಕಾಲ ಗಟ್ಟಿಯಾಗಿ ಸಿಕ್ಕಿದೆ. ಅದು ಸುಮಾರು 6.6 ಕೋಟಿ ವರ್ಷ. ಐದು ಲಕ್ಷ ಚದರ ಕಿ.ಮೀ. ಹರಡಿರುವ ಈ ಕಪ್ಪು ಕಲ್ಲಿನ ಬಹುಪಾಲು ಹತ್ತು ಲಕ್ಷ ವರ್ಷಗಳ ಒಳಗೇ ಹೊರಬಂದದ್ದು ಎಂಬುದೂ ತಿಳಿದಿದೆ. ಒಂದು ಲಾವಾ ಹಾಸಿಗೂ ಮುಂದಿನದಕ್ಕೂ ನಡುವೆ ಬಿಡುವು ಸಿಕ್ಕಾಗ ಮೇಲ್ಮೈ ಕೊಳೆತು ಕೆಂಪು ಮಣ್ಣಿನ ಪಟ್ಟಿಯಾಗುತ್ತದೆ. ಪಶ್ಚಿಮ ಘಟ್ಟದ ಕಡೆ ಅಂಥ ಕೆಂಪು ಪಟ್ಟಿಗಳಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಿಂದಲೇ ಇತ್ತೀಚಿನ ಅತಿ ನಿಖರವಾದ ಅಳತೆಗಳು ಬಂದಿವೆ.

ಸುಣ್ಣಕಲ್ಲಿನಲ್ಲಿ ಏಕೆ ಹೀಗೆ ಮಾಡಲಾಗುವುದಿಲ್ಲ? ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಲ್ಲಿನ ವಯಸ್ಸಿನ ಬಗ್ಗೆ ಆಗುವ ಗೊಂದಲಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವಿರುವ, ಬ್ರಾಹ್ಮಿಯಲ್ಲಿ ಅವನ ಹೆಸರು ಕೊರೆದ ಸುಣ್ಣಕಲ್ಲಿನ ಫಲಕವಿದೆ. ಅದರ ವಯಸ್ಸೆಷ್ಟು ಎಂದು ಕೇಳಿದರೆ ಎರಡು ಸಾವಿರ ವರ್ಷ ಎನ್ನುತ್ತೇವೆ. ಅದು ಕೆತ್ತನೆಯ ವಯಸ್ಸು. ಕಲ್ಲು ಪದರವಾದದ್ದು ಅದಕ್ಕಿಂತ ಎಷ್ಟೋ ಕೋಟಿ ವರ್ಷ ಹಿಂದೆ. ಆ ಪದರದೊಳಗೆ ಎಲ್ಲಾದರೂ ಗ್ರಾನೈಟ್ ಗುಡ್ಡದಿಂದ ತೊಳೆದುಬಂದ ಮರಳಿನ ಕಣವಿದ್ದರೆ ಆ ಕಣದ ವಯಸ್ಸು 250 ಕೋಟಿ. ಒಂದೇ ಫಲಕ, ಮೂರು ವಯಸ್ಸು. ಯಾವ ಘಟನೆಯ ಕಾಲ ಬೇಕು ಎಂದು ಮೊದಲು ಹೇಳಬೇಕು.

ಪದರುಗಲ್ಲಿನಲ್ಲಿರುವ ಜಿರ್ಕಾನ್ ಬೇರೆ ಕಡೆಯಿಂದ ಬಂದದ್ದು, ಅದರ ಗಡಿಯಾರ ಹೇಳುವುದು ತವರಿನ ಕಾಲ. ಆದರೂ ಅದು ನಿರುಪಯೋಗಿಯಲ್ಲ. ಹೊಲದಲ್ಲಿ ಸಿಕ್ಕ ಗಡಿಗೆಯೊಳಗೆ ಬಹಮನಿ ನಾಣ್ಯ ಇದ್ದರೆ ಆ ಗಡಿಗೆಯನ್ನು ಹೂತದ್ದು ಬಹಮನಿ ಕಾಲಕ್ಕಿಂತ ಮೊದಲಲ್ಲ ಎಂದಾಯಿತು. ಹಾಗೆಯೇ ಪದರದಲ್ಲಿರುವ ಅತಿ ಎಳೆಯ ಜಿರ್ಕಾನ್‌ಗಿಂತ ಪದರ ಹಳೆಯದಾಗಿರಲಾರದು. ನಾಣ್ಯ ಒಂದು ಕಡೆಯ ಮಿತಿ, ಮೇಲೆ ಕುಳಿತ ಬಸಾಲ್ಟ್ ಇನ್ನೊಂದು ಕಡೆಯ ಮಿತಿ. ಕಾಲ ಹೇಳುವ ಜ್ವಾಲಾಮುಖಿ ಬೂದಿಯ ಪದರ ಕೈಗೆ ಸಿಗದಿರುವಾಗ ಬಹುಪಾಲು ಭೂವಿಜ್ಞಾನಿಗಳು ಭೀಮೆಯ ಕಲ್ಲುಗಳನ್ನು 100 ಕೋಟಿಯಿಂದ 54 ಕೋಟಿ ವರ್ಷಗಳ ಹಿಂದಿನ ನಿಯೋಪ್ರೊಟೆರೊಜೊಯಿಕ್ ಕಾಲಕ್ಕೆ ಸೇರಿಸುತ್ತಾರೆ. ಇದಕ್ಕಿಂತ ಹಳೆಯವು ಎಂಬ ವಾದವೂ ಇದೆ. ಈ ವಾದ ಯಾವ ಕಡೆ ತೀರ್ಮಾನವಾದರೂ ಒಂದು ಮಾತು ಅಲ್ಲಾಡುವುದಿಲ್ಲ: ಕೆಳಗಿನ ಸುಣ್ಣಕಲ್ಲಿಗೂ ಮೇಲಿನ ಕಪ್ಪು ಕಲ್ಲಿಗೂ ನಡುವೆ ಕಡಿಮೆಯೆಂದರೂ 47 ಕೋಟಿ ವರ್ಷ ಕಾಣೆಯಾಗಿವೆ.

47 ಕೋಟಿ ಎಂದರೆ ಮನಸ್ಸಿಗೆ ಏನೂ ಮೂಡುವುದಿಲ್ಲ. ಹೀಗೆ ಮಾಡೋಣ. ಕಲಬುರಗಿಯಿಂದ ಕಮಲಾಪುರಕ್ಕೆ 35 ಕಿ.ಮೀ. ಎಂದಿಟ್ಟುಕೊಳ್ಳಿ. ಭೂಮಿಯ 454 ಕೋಟಿ ವರ್ಷಗಳನ್ನು ಈ ರಸ್ತೆಯ ಉದ್ದಕ್ಕೂ ಹಾಸಿ. ಕಲಬುರಗಿಯಲ್ಲಿ ಭೂಮಿ ಹುಟ್ಟಿತು, ಕಮಲಾಪುರದ ಬಸ್ ನಿಲ್ದಾಣ ಇವತ್ತು. ಯಾದಗಿರಿಯ ಗ್ರಾನೈಟ್ ಹುಟ್ಟಿದಾಗ ಕಮಲಾಪುರ ಇನ್ನೂ 19 ಕಿ.ಮೀ. ದೂರವಿದೆ. ಭೀಮೆಯ ಸಮುದ್ರ ಎಂಟು ಕಿ.ಮೀ. ಉಳಿದಿರುವಾಗಿನಿಂದ ನಾಲ್ಕು ಕಿ.ಮೀ. ಉಳಿದಿರುವವರೆಗಿನ ನಡುವೆ ಎಲ್ಲೋ ಬಂದು ಹೋಗುತ್ತದೆ. ಜುರಾಸಿಕ್ ಆರಂಭವಾಗುವುದು ಒಂದೂವರೆ ಕಿ.ಮೀ. ಇರುವಾಗ, ಮುಗಿಯುವುದು ಒಂದು ಕಿ.ಮೀ. ಚಿಲ್ಲರೆ ಇರುವಾಗ. ದಖ್ಖನ್ ಲಾವಾ ಹರಿಯುವುದು ಅರ್ಧ ಕಿ.ಮೀ. ಇರುವಾಗ. ಮನುಷ್ಯಜಾತಿಯ ಮೂರು ಲಕ್ಷ ವರ್ಷಕ್ಕೆ ಎರಡೂಕಾಲು ಮೀಟರ್. ಅಶೋಕನಿಂದ ಇಂದಿನವರೆಗೆ ಎರಡು ಸೆಂಟಿಮೀಟರೂ ಇಲ್ಲ. ಈ ರಸ್ತೆಯಲ್ಲಿ ಭೀಮೆಯ ಸಮುದ್ರ ಮುಗಿದ ಮೇಲೆ ಮೂರೂವರೆ ಕಿ.ಮೀ.ಗಿಂತ ಹೆಚ್ಚು ದೂರಕ್ಕೆ ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಒಂದು ಗುರುತೂ ಇಲ್ಲ.

ಇಂಥ ಕಾಣೆಯಾದ ಕಾಲವನ್ನು ಮೊದಲು ಗುರುತಿಸಿದವನು ಜೇಮ್ಸ್ ಹಟನ್. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲದಂಡೆಯಲ್ಲಿ ನೆಟ್ಟಗೆ ನಿಂತ ಪದರಗಳ ಮೇಲೆ ಮಲಗಿದ ಪದರಗಳನ್ನು ನೋಡಿ, ಇವೆರಡರ ನಡುವೆ ಅಳತೆಗೆ ಸಿಗದಷ್ಟು ಕಾಲ ಕಳೆದಿರಬೇಕು ಎಂದು ಅವನಿಗೆ ಹೊಳೆಯಿತು. ನಮ್ಮಲ್ಲಿ ಎರಡೂ ಅಂತಸ್ತು ಮಟ್ಟಸವಾಗಿಯೇ ಇರುವುದರಿಂದ ಬರಿಗಣ್ಣಿಗೆ ಅಂತರ ಕಾಣುವುದಿಲ್ಲ. ಸುಣ್ಣಕಲ್ಲಿನ ಮೇಲೆ ನಿನ್ನೆ ಲಾವಾ ಬಿದ್ದಂತಿದೆ. ವಯಸ್ಸು ಕಟ್ಟದಿದ್ದರೆ ಈ ಅಂತರ ಇದೆಯೆಂಬ ಅನುಮಾನವೇ ಬಾರದು.

ಆ ಕಾಲದಲ್ಲಿ ಇಲ್ಲಿ ಏನಾಗುತ್ತಿತ್ತು? ಎರಡು ಸಾಧ್ಯತೆಗಳಿವೆ. ಪದರಗಳು ಬಿದ್ದವು, ಆಮೇಲೆ ಸವೆದು ಹೋದವು. ಅಥವಾ ಬೀಳಲೇ ಇಲ್ಲ. ಪದರ ಬೀಳಬೇಕಾದರೆ ನೆಲ ತಗ್ಗಬೇಕು. ಭೀಮೆಯ ಬೋಗುಣಿ ತುಂಬಿ ಮುಗಿದ ಮೇಲೆ ಈ ಸೀಮೆ ಬಹುಕಾಲ ಎತ್ತರದ ನೆಲವಾಗಿ, ಮಳೆಗೆ ಸವೆಯುತ್ತ ಇತ್ತು ಎಂಬುದು ಸಾಮಾನ್ಯ ತಿಳಿವಳಿಕೆ. ಎಷ್ಟು ಸವೆಯಿತು ಎಂದು ಅಳೆಯಲು ಒಂದು ಚಂದದ ಉಪಾಯವಿದೆ. ಗ್ರಾನೈಟಿನಲ್ಲಿರುವ ಅಪಟೈಟ್ ಹರಳುಗಳಲ್ಲಿ ಯುರೇನಿಯಂ ಸಿಡಿದಾಗ ಕೂದಲೆಳೆಯಂಥ ಗೀರು ಬೀಳುತ್ತದೆ. ಕಲ್ಲು ಆಳದಲ್ಲಿ, ಸುಮಾರು 110 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇರುವವರೆಗೆ ಗೀರು ಮಾಯುತ್ತದೆ. ಮೇಲಿನ ಕಲ್ಲು ಸವೆದು ಈ ಕಲ್ಲು ತಣ್ಣಗಾದಂತೆ ಗೀರು ಉಳಿಯತೊಡಗುತ್ತದೆ. ಗೀರುಗಳನ್ನು ಎಣಿಸಿ, ಮೇಲಿದ್ದ ಹೊದಿಕೆ ಯಾವಾಗ ಹೋಯಿತು ಎಂದು ಲೆಕ್ಕ ಹಾಕುತ್ತಾರೆ. ಇಲ್ಲವಾದ ಕಲ್ಲಿನ ಚರಿತ್ರೆಯನ್ನು ಉಳಿದ ಕಲ್ಲು ಹೇಳುತ್ತದೆ.

ಅದೇ ಕಾಲದಲ್ಲಿ ನಮ್ಮ ಪೂರ್ವಕ್ಕೆ ನೆಲ ತಗ್ಗುತ್ತಿತ್ತು. ಇಂದಿನ ತೆಲಂಗಾಣ ಮತ್ತು ಮಹಾರಾಷ್ಟ್ರದ ಗಡಿಯಲ್ಲಿ, ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಗುಂಟ, ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಸೀಳು ಕಣಿವೆಯಿದೆ. ಸಿಂಗರೇಣಿಯ ಕಲ್ಲಿದ್ದಲು ಬರುವುದು ಅಲ್ಲಿಂದಲೇ. ಆ ಕಲ್ಲಿದ್ದಲ ಪದರಗಳಿಗಿಂತ ಮೇಲೆ, ಸಿರೋಂಚಾ ಆಸುಪಾಸಿನಲ್ಲಿ, ಕೋಟಾ ಎಂಬ ಊರಿನ ಹೆಸರಿನ ಪದರಗಳಿವೆ. ಕಲಬುರಗಿಗೆ ಪೂರ್ವದ ಕಡೆಯ ಜುರಾಸಿಕ್ ಅದು. ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭೂವಿಜ್ಞಾನಿಗಳು ಇಲ್ಲಿ ದೈತ್ಯ ಡೈನೋಸಾರ್‌ನ ಸುಮಾರು 300 ಮೂಳೆಗಳನ್ನು ಹೊರತೆಗೆದರು. ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಯ 1961ರ ಆಸುಪಾಸಿನ ಕೆಲಸ ಅದು. 1975ರಲ್ಲಿ ಅದಕ್ಕೆ ಬಾರಾಪಾಸಾರಸ್ ಟಾಗೋರೈ ಎಂದು ಹೆಸರಿಟ್ಟರು. ಬಂಗಾಳಿಯಲ್ಲಿ ‘ಬಡಾ ಪಾ’ ಎಂದರೆ ದೊಡ್ಡ ಕಾಲು. ತೊಡೆಯ ಮೂಳೆಯೇ ಆಳೆತ್ತರವಿತ್ತು. ಅದೇ ಪದರಗಳಿಂದ, ಯಾಮನಪಲ್ಲಿ ಎಂಬ ಊರಿನ ಹತ್ತಿರ ಸಿಕ್ಕ ಕೋಟಾಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಕಲಬುರಗಿಯಿಂದ ಹೈದರಾಬಾದಿಗೆ ಹೋಗುವ ನಮ್ಮ ಮಕ್ಕಳು ಚಾರ್‌ಮಿನಾರ್ ಜೊತೆಗೆ ಇದನ್ನೂ ನೋಡಿ ಬರಬೇಕು.

ಕೋಟಾದ ವಯಸ್ಸಿನ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ, ಮತ್ತು ಆ ಚರ್ಚೆ ಬೆಲೆಯುಳ್ಳದ್ದು. ಅಲ್ಲಿನ ಸುಣ್ಣಕಲ್ಲಿನ ಮೀನುಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದಲೂ ವಿದ್ವಾಂಸರಿಗೆ ಗೊತ್ತು. ಅವು ಜುರಾಸಿಕ್ ಆರಂಭದ ಕಡೆ ಕೈ ತೋರಿಸುತ್ತವೆ. ಸಾಸಿವೆಗಿಂತ ಚಿಕ್ಕ ಚಿಪ್ಪಿನ ಆಸ್ಟ್ರಕಾಡ್ ಜೀವಿಗಳು ಮತ್ತು ಪರಾಗದ ಕಣಗಳು ಅದಕ್ಕಿಂತ ಈಚಿನ ಕಾಲ ಹೇಳುತ್ತವೆ. ಆ ಪದರ 19 ಕೋಟಿ ವರ್ಷದ್ದಾದರೆ ಬಾರಾಪಾಸಾರಸ್ ಜಗತ್ತಿನ ಮೊಟ್ಟಮೊದಲ ದೈತ್ಯ ಡೈನೋಸಾರ್‌ಗಳಲ್ಲಿ ಒಂದು. 16 ಕೋಟಿಯದಾದರೆ, ಅಷ್ಟರಲ್ಲಿ ಅಂಥವು ಹಲವು ಖಂಡಗಳಲ್ಲಿ ಓಡಾಡುತ್ತಿದ್ದವು. ಮೂಳೆ ಅದೇ, ಕಥೆ ಬೇರೆ. ಪಳೆಯುಳಿಕೆಯ ಅರ್ಥ ಅದು ಬಂದ ಪದರದ ವಯಸ್ಸಿನಿಂದ ಹುಟ್ಟುತ್ತದೆ ಎನ್ನುವುದು ಇದಕ್ಕೇ.

ಒಂದೇ ಪರ್ಯಾಯದ್ವೀಪದಲ್ಲಿ ಅಲ್ಲಿ ತಗ್ಗಿದ ನೆಲ ಇಲ್ಲಿ ಏಕೆ ತಗ್ಗಲಿಲ್ಲ? ಜುರಾಸಿಕ್‌ನಲ್ಲಿ ಭಾರತ ಒಂಟಿಯಾಗಿರಲಿಲ್ಲ. ಆಫ್ರಿಕ, ಮಡಗಾಸ್ಕರ್, ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳ ಜೊತೆ ಗೊಂಡ್ವಾನ ಎಂಬ ಮಹಾಖಂಡದ ಭಾಗವಾಗಿತ್ತು. ಆ ಮಹಾಖಂಡ ಹರಿಯತೊಡಗಿದಾಗ ಅದು ಹಳೆಯ ಸೀಳುಗಳ ಗುಂಟವೇ ಹರಿಯಿತು. ಮಾಸಿದ ಸೀರೆ ಹಳೆಯ ಮಡಿಕೆಯಲ್ಲೇ ಪಿಸಿಯುತ್ತದಲ್ಲ, ಹಾಗೆ. ಗೋದಾವರಿ ಕಣಿವೆ ಅಂಥ ಮಡಿಕೆ. ಜುರಾಸಿಕ್ ಕೊನೆಯಿಂದ ಪೂರ್ವ ಕರಾವಳಿಯಲ್ಲಿ ಕೃಷ್ಣಾ-ಗೋದಾವರಿ ಮತ್ತು ಕಾವೇರಿ ಬೇಸಿನ್‌ಗಳು ಬಾಯಿ ತೆರೆದದ್ದೂ ಈ ಒಡೆತದಿಂದಲೇ. ಕಲಬುರಗಿ ಕುಳಿತಿರುವುದು ಧಾರವಾಡ ಕ್ರೇಟಾನ್ ಎಂಬ ಗಟ್ಟಿ ಗಡ್ಡೆಯ ಮೇಲೆ. ಅಂಚುಗಳು ಹರಿದವು, ಗಡ್ಡೆ ನಿಂತಿತು. ಕರ್ನಾಟಕದಲ್ಲಿ ಈ ಬಿರುಕಿನ ಕಥೆಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿದ್ದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಬಗಲ್ಲುಗಳು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬಿಟ್ಟುಹೋಗುವ ಹೊತ್ತಿನಲ್ಲಿ ಉಕ್ಕಿದ ಲಾವಾ.

ಮತ್ತೆ ಕಮಲಾಪುರಕ್ಕೆ ಬರೋಣ. ಇಲ್ಲಿ ಜುರಾಸಿಕ್ ಇಲ್ಲ ಎಂದರೆ ಪಳೆಯುಳಿಕೆಯ ಆಸೆಯೇ ಇಲ್ಲ ಎಂದಲ್ಲ. ಲಾವಾ ಒಂದೇ ಸಲ ಹರಿದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಕೆರೆಗಳಾದವು, ಗಿಡ ಬೆಳೆಯಿತು, ಕಪ್ಪೆ ಕೂಗಿತು. ಮುಂದಿನ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಇಂಥ ಕೆರೆತಳದ ತೆಳು ಪದರಗಳನ್ನು ಅಂತರ್‌ಟ್ರ್ಯಾಪ್ ಪದರ ಎನ್ನುತ್ತಾರೆ. ಹಳೆಯ ಗುಲ್ಬರ್ಗಾ ಜಿಲ್ಲೆಯ ಇಂಥ ಪದರಗಳಿಂದ ಸಿಹಿನೀರಿನ ಆಸ್ಟ್ರಕಾಡ್‌ಗಳು ದೊರೆತಿವೆ. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಗುರುಮಠಕಲ್ ಹೆಸರು ಅಂತರ್‌ಟ್ರ್ಯಾಪ್ ಅಧ್ಯಯನಗಳಲ್ಲಿ ಬರುತ್ತದೆ. ಸೇಡಂ, ತಾಂಡೂರು ದಾಟಿ ಹೋಗುವ ಹೈದರಾಬಾದ್ ರೈಲಿನ ದಾರಿಯಲ್ಲಿ ವಿಕಾರಾಬಾದ್ ಇದೆ. ಅದರ ಹತ್ತಿರದ ನಸ್ಕಲ್ ಎಂಬ ಊರಿನ ಪದರದಲ್ಲಿ ಸಿಕ್ಕ ಪುಟ್ಟ ಹಲ್ಲುಗಳಿಂದ ಜುರಾಸಿಕ್ ನಂತರದ ಕ್ರಿಟೇಷಿಯಸ್ ಯುಗಕ್ಕೆ ಸೇರಿದ ಭಾರತದ ಮೊದಲ ಸಸ್ತನಿ ಗೊತ್ತಾಯಿತು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಇದನ್ನು ಪ್ರಕಟಿಸಿದರು. ಡೆಕ್ಕನೋಲೆಸ್ಟೆಸ್ ಎಂಬ ಆ ಇಲಿಯಷ್ಟು ಪ್ರಾಣಿ ಡೈನೋಸಾರ್‌ಗಳ ಕೊನೆಯ ದಿನಗಳಲ್ಲಿ, ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಬದುಕಿತ್ತು.

ಕಮಲಾಪುರದ ಕಡೆ ಹೊಲದಲ್ಲಿ, ರಸ್ತೆ ಕಡಿದಲ್ಲಿ ದುಂಡನೆಯ, ಈರುಳ್ಳಿಯಂತೆ ಸಿಪ್ಪೆ ಸುಲಿಯುವ ಕಲ್ಲು ಕಂಡರೆ ಅದನ್ನು ಡೈನೋಸಾರ್ ಮೊಟ್ಟೆ ಎಂದು ಮೊಬೈಲಿನಲ್ಲಿ ಹಂಚುವ ಮುನ್ನ ಇಷ್ಟು ನೆನಪಿಡಬೇಕು. ಬಸಾಲ್ಟ್ ಬಿರುಕುಬಿಟ್ಟು, ಮೂಲೆಗಳಿಂದ ಕೊಳೆಯುತ್ತ ಬಂದರೆ ಹೀಗೆಯೇ ಉಂಡೆಯಾಗುತ್ತದೆ. ಹರಿದ ಲಾವಾದೊಳಗೆ ಮೊಟ್ಟೆ ಉಳಿಯುವುದಿಲ್ಲ. ಹುಡುಕಬೇಕಾದದ್ದು ಎರಡು ಕಪ್ಪು ಹಾಸುಗಳ ನಡುವೆ ಬೂದು ಇಲ್ಲವೆ ಬಿಳಿಚಾದ, ಗೇಣು ಮೊಳದಷ್ಟು ದಪ್ಪದ ಸುಣ್ಣ ಅಥವಾ ಜೇಡಿಯ ಪಟ್ಟಿಯನ್ನು. ಅದರಲ್ಲಿ ಬಸವನಹುಳುವಿನ ಚಿಪ್ಪು ಕಂಡರೆ ಅದು ನಿಜವಾದ ಸುದ್ದಿ.

ಇದೆಲ್ಲ ವಿದ್ವಾಂಸರ ಹವ್ಯಾಸ ಎಂದು ಯಾರಾದರೂ ಅಂದುಕೊಂಡರೆ ಗಡಿಕೇಶ್ವರವನ್ನು ನೆನಪಿಸಬೇಕು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ಭಾಗದ ಆ ಹಳ್ಳಿಯ ಜನ ನೆಲದೊಳಗಿನ ಸದ್ದಿಗೆ, ನಡುಕಕ್ಕೆ ಹೆದರಿ ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ಒಂದು ಕಂಪನದ ತೀವ್ರತೆ 4.1 ಇತ್ತು. ಅಂಥ ಹೊತ್ತಿನಲ್ಲಿ ಜನ ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಮ್ಮ ಕಾಲಡಿಯ ಬೋಗುಣಿ ಯಾವ ಸೀಳುಗಳ ಗುಂಟ ಕುಸಿದಿತ್ತು, ಅವು ಎಷ್ಟು ಸಲ ಅಲುಗಿವೆ, ಯಾವ ಅಂತಸ್ತು ಎಷ್ಟು ಆಳದಲ್ಲಿದೆ ಎಂಬುದು ತಿಳಿದಿರಬೇಕು. ಪದರಗಳ ಕಾಲಕ್ರಮ ಗೊತ್ತಿಲ್ಲದೆ ಸೀಳಿನ ಕಾಲ ಗೊತ್ತಾಗುವುದಿಲ್ಲ. ಬೋರ್‌ವೆಲ್ ಕೊರೆಸುವ ರೈತನಿಗೂ ಕಪ್ಪು ಕಲ್ಲು ಎಲ್ಲಿ ಮುಗಿದು ಸುಣ್ಣಕಲ್ಲು ಎಲ್ಲಿ ಶುರುವಾಗುತ್ತದೆ ಎಂಬುದು ದುಡ್ಡಿನ ಪ್ರಶ್ನೆ.

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ. ಲಾಲ್‌ಬಾಗ್ ಬಂಡೆ, ಸೇಂಟ್ ಮೇರಿಸ್ ದ್ವೀಪ, ಚಿತ್ರದುರ್ಗದ ಕಡೆಯ ಮರಡಿಹಳ್ಳಿ, ಕೋಲಾರದ ಕಡೆಯ ಪೆದ್ದಪಲ್ಲಿ. ಕಲ್ಯಾಣ ಕರ್ನಾಟಕದಲ್ಲಿ ಒಂದೂ ಇಲ್ಲ. ಇತ್ತ ಸುಣ್ಣಕಲ್ಲಿನ ಖಣಿಗಳು ವರ್ಷವರ್ಷವೂ ಆಳವಾಗುತ್ತಿವೆ, ರಸ್ತೆ ಅಗಲವಾಗುತ್ತಿದೆ. ಕಡಿದ ಗೋಡೆಯಲ್ಲಿ ಕೆಲವು ದಿನ ಕಾಣುವ ಪದರ ಮುಂದಿನ ಮಳೆಗೆ ಮಣ್ಣಿನಡಿ ಸೇರುತ್ತದೆ, ಇಲ್ಲವೆ ಕ್ರಷರ್ ಸೇರುತ್ತದೆ. ಖಣಿ ನಡೆಸುವವರು ಉದ್ಯೋಗ ಕೊಟ್ಟಿದ್ದಾರೆ, ಅದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸುಣ್ಣಕಲ್ಲೂ ಕಪ್ಪು ಕಲ್ಲೂ ಸೇರುವ ಗೆರೆ ಚೆನ್ನಾಗಿ ಕಾಣುವ ಒಂದೇ ಒಂದು ಜಾಗವನ್ನು, ಹತ್ತಿಪ್ಪತ್ತು ಮೀಟರ್ ಉದ್ದದ ಗೋಡೆಯನ್ನು, ಬೇಲಿ ಹಾಕಿ ಉಳಿಸಿ, ಕನ್ನಡದಲ್ಲಿ ಒಂದು ಫಲಕ ನೆಡಲು ಜಿಲ್ಲಾಡಳಿತ ಮನಸ್ಸು ಮಾಡಬೇಕು. ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ, ಜಾಗ ಆರಿಸಿಕೊಡಲು ತಿಳಿದವರು ಜಿಲ್ಲೆಯಲ್ಲೇ ಇದ್ದಾರೆ.

ಓದುಗರಲ್ಲಿ ಒಂದು ವಿನಂತಿ. ಬಾವಿ ತೋಡುವಾಗ, ರಸ್ತೆ ಕಡಿಯುವಾಗ ಚಿಪ್ಪೋ ಮೂಳೆಯಂಥದ್ದೋ ಕಂಡರೆ ಅದನ್ನು ಕಿತ್ತು ಮನೆಗೆ ತರಬೇಡಿ. ಎಲ್ಲಿದೆಯೋ ಅಲ್ಲೇ ಇಟ್ಟು, ಪಕ್ಕದಲ್ಲಿ ಒಂದು ಪೆನ್ನು ಅಥವಾ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಮೇಲಿನ ಪದರ ಯಾವುದು, ಕೆಳಗಿನದು ಯಾವುದು ಎಂದು ಕಾಣುವಂತೆ ದೂರದಿಂದ ಇನ್ನೊಂದು ಫೋಟೋ ತೆಗೆಯಿರಿ. ಊರು, ಹೊಲ, ಆಳ ಬರೆದಿಟ್ಟು ಹತ್ತಿರದ ಭೂವಿಜ್ಞಾನದ ಅಧ್ಯಾಪಕರಿಗೆ ತಿಳಿಸಿ. ಪದರದಿಂದ ಕಿತ್ತ ಪಳೆಯುಳಿಕೆ ತೇದಿ ಒಡೆದುಹೋದ ಶಾಸನದಂತೆ.